ಜ್ವರವಿರಲಿಲ್ಲ, ಅದೇ ತೊಂದರೆ

ಆ ಸಂಜೆ ಅಮ್ಮ ನನ್ನನ್ನು ಚಿಕ್ಕಮ್ಮನ ಹೆಸರಿನಿಂದ ಕರೆದಳು. ಒಂದಲ್ಲ, ಎರಡು ಸಲ. ಚಿಕ್ಕಮ್ಮ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ತಟ್ಟೆಗೆ ಹಾಕಿದ್ದು ಹಾಗೇ ಇತ್ತು. ಕನ್ನಡಕವನ್ನು ಮಡಿಲಲ್ಲಿಟ್ಟುಕೊಂಡೇ ಕನ್ನಡಕ ಹುಡುಕುತ್ತಿದ್ದಳು. ಆಗ ಅವಳಿಗೆ 84. "ಅರವತ್ತಕ್ಕೆ ಅರಳು ಮರಳು ಅಂತಾರೆ, ನಮ್ಮಮ್ಮನಿಗೆ ಇಪ್ಪತ್ನಾಲ್ಕು ವರ್ಷ ಲೇಟಾಗಿ ಬಂದಿದೆ ನೋಡು" ಎಂದು ತಮ್ಮನಿಗೆ ಫೋನಿನಲ್ಲಿ ತಮಾಷೆ ಮಾಡಿದೆ. ಆಡಬಾರದಿತ್ತು ಅನ್ನಿಸುವ ಮಾತುಗಳಲ್ಲಿ ಅದೂ ಒಂದು.

ಹಣೆ ಮುಟ್ಟಿದೆ, ಬಿಸಿಯಿರಲಿಲ್ಲ. ಥರ್ಮಾಮೀಟರ್ ಇಟ್ಟೆ: 98.9. ಪರಿಚಯದ ವೈದ್ಯರೊಬ್ಬರಿಗೆ ಫೋನ್ ಮಾಡಿದೆ. "ಜ್ವರ ಇಲ್ಲ ತಾನೆ? ಕೆಮ್ಮು ಇಲ್ಲ ತಾನೆ? ವಯಸ್ಸಾಯ್ತಲ್ಲಮ್ಮ, ನಿದ್ದೆ ಕೆಟ್ಟಿರಬೇಕು, ಬೆಳಿಗ್ಗೆ ನೋಡೋಣ" ಎಂದರು. ಅವರನ್ನು ದೂರಿ ಪ್ರಯೋಜನವಿಲ್ಲ. ಆಸ್ಪತ್ರೆ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತು, ಊರವರ ರಕ್ತವನ್ನೆಲ್ಲ ಎಣಿಸಿದ ನಾನೇ ಆ 98.9 ನೋಡಿ ನಿಶ್ಚಿಂತೆಯಾಗಿ ದೀಪ ಆರಿಸಲು ಹೋಗಿದ್ದೆ.

ಹೊದಿಕೆ ಸರಿಮಾಡಲು ಬಗ್ಗಿದಾಗ ಅದು ಮೇಲೆ ಕೆಳಗೆ ಆಡುತ್ತಿದ್ದ ವೇಗ ಕಣ್ಣಿಗೆ ಬಿತ್ತು. ಗಡಿಯಾರ ಹಿಡಿದು ಎಣಿಸಿದೆ. ನಿಮಿಷಕ್ಕೆ ಮೂವತ್ತು ಉಸಿರು. ಸುಮ್ಮನೆ ಮಲಗಿದ ಮನುಷ್ಯ ಹನ್ನೆರಡರಿಂದ ಇಪ್ಪತ್ತು ಸಲ ಉಸಿರಾಡುತ್ತಾನೆ. ಇನ್ನೊಂದು ಸಲ ಎಣಿಸಿದೆ. ಮೂವತ್ತೊಂದು.

ನ್ಯುಮೋನಿಯಾ. ಬಲಗಡೆಯ ಶ್ವಾಸಕೋಶದ ಕೆಳಭಾಗ ಎಕ್ಸ್-ರೇಯಲ್ಲಿ ಸುಣ್ಣ ಬಳಿದ ಹಾಗಿತ್ತು. ಬೆರಳಿಗೆ ಸಿಕ್ಕಿಸಿದ ಯಂತ್ರ ಆಮ್ಲಜನಕ 88 ಎಂದು ತೋರಿಸಿತು. ಡ್ಯೂಟಿಯಲ್ಲಿದ್ದ ಹುಡುಗಿ ಸಿಯುಆರ್‌ಬಿ-65 ಎನ್ನುವ ಅಂಕಪಟ್ಟಿ ಹಾಕಿದಳು. ನ್ಯುಮೋನಿಯಾ ಎಷ್ಟು ಗಂಭೀರ ಎಂದು ಅಳೆಯುವ, ಐದು ಅಂಕದ ಸರಳ ಲೆಕ್ಕ ಅದು. ಗೊಂದಲಕ್ಕೆ ಒಂದು, ಉಸಿರು ಮೂವತ್ತು ಮುಟ್ಟಿದ್ದಕ್ಕೆ ಒಂದು, ವಯಸ್ಸು 65 ಅಥವಾ ಮೇಲ್ಪಟ್ಟು ಇರುವುದಕ್ಕೇ ಒಂದು. ರಕ್ತದ ಯೂರಿಯಾ, ರಕ್ತದೊತ್ತಡ ನೋಡುವ ಮೊದಲೇ ಮೂರಾಯಿತು. ಮೂರೆಂದರೆ ತೀವ್ರ. ಬೇರೇನೂ ತಪ್ಪು ಮಾಡದೆ, ಬದುಕಿದ್ದ ಕಾರಣಕ್ಕೇ ಒಂದು ಅಂಕ ಕೊಡುವ ಆ ಪಟ್ಟಿಯನ್ನು ನೋಡಿ ನನಗೆ ಯಾಕೋ ಸಿಟ್ಟು ಬಂತು. ಆದರೆ ಆ ಅಂಕ ಸುಳ್ಳಲ್ಲ.

ರಕ್ತದ ವರದಿ ಬಂದಾಗ ಬಿಳಿರಕ್ತಕಣ 8,600. ನಾಲ್ಕು ಸಾವಿರದಿಂದ ಹನ್ನೊಂದು ಸಾವಿರದೊಳಗೆ ಇದ್ದರೆ ನಾರ್ಮಲ್. ಕಾಗದದ ಮೇಲೆ ಎಲ್ಲವೂ ಅಚ್ಚುಕಟ್ಟು. ನನಗೆ ತಡೆಯಲಾಗಲಿಲ್ಲ. ಲ್ಯಾಬಿನ ಬಾಗಿಲಲ್ಲಿ ನಿಂತು, ನಾನೂ ಇದೇ ಕೆಲಸದವಳು, ಸ್ಲೈಡ್ ಒಂದು ಸಲ ನೋಡಲೇ ಎಂದು ಕೇಳಿದೆ. ಆ ಹುಡುಗ ಎದ್ದು ಸ್ಟೂಲ್ ಬಿಟ್ಟುಕೊಟ್ಟ.

ಲೀಶ್ಮನ್ ಬಣ್ಣದ ಆ ನೇರಳೆ ಲೋಕದಲ್ಲಿ ಕಣ್ಣಿಟ್ಟ ಅರ್ಧ ನಿಮಿಷಕ್ಕೆ ಗೊತ್ತಾಯಿತು. ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣದ ಕೇಂದ್ರ ಬಲಿತಾಗ ಮೂರು ನಾಲ್ಕು ಗುಂಡುಗಳಾಗಿ, ದಾರಕ್ಕೆ ಪೋಣಿಸಿದ ಹಾಗೆ ಕಾಣುತ್ತದೆ. ಅಮ್ಮನ ಸ್ಲೈಡಿನಲ್ಲಿ ಎಲ್ಲಿ ನೋಡಿದರೂ ಕುದುರೆ ಲಾಳ. ಬ್ಯಾಂಡ್ ಸೆಲ್ ಎನ್ನುತ್ತೇವೆ, ಇನ್ನೂ ಬಲಿಯದ ಎಳೆಯ ಕಣಗಳು. ಒಳಗೆಲ್ಲ ಸಾಸಿವೆ ಚೆಲ್ಲಿದಂತೆ ಕಡು ಬಣ್ಣದ ಕಾಳು. ಮೂಳೆಮಜ್ಜೆ ಕೈಲಾದಷ್ಟು ಹೊಡೆದಾಡುತ್ತಿತ್ತು, ತರಬೇತಿ ಮುಗಿಯದವರನ್ನೂ ಯುದ್ಧಕ್ಕೆ ಅಟ್ಟುತ್ತಿತ್ತು. ಒಟ್ಟು ಸಂಖ್ಯೆ ಮಾತ್ರ ಏರಿರಲಿಲ್ಲ. ಮುದುಕರಲ್ಲಿ ಹೀಗಾಗುತ್ತದೆಂದು ಓದಿದ್ದೆ, ಎಷ್ಟೋ ಸ್ಲೈಡುಗಳಲ್ಲಿ ನೋಡಿಯೂ ಇದ್ದೆ. ಅವೆಲ್ಲ ನಂಬರ್ ಬರೆದ ಗಾಜಿನ ತುಂಡುಗಳು. ಇದು ಅಮ್ಮ.

ಜ್ವರ ಯಾಕೆ ಬರಲಿಲ್ಲ? ಹನ್ನೊಂದು ದಿನ ಆಸ್ಪತ್ರೆಯ ಕುರ್ಚಿಯಲ್ಲಿ ಕೂತಾಗ ಇದೊಂದೇ ಪ್ರಶ್ನೆ. ಜ್ವರವನ್ನು ತರುವುದು ಕ್ರಿಮಿಯಲ್ಲ, ನಾವೇ. ಕ್ರಿಮಿಯನ್ನು ಕಂಡ ರಕ್ಷಣಾ ಕಣಗಳು ಇಂಟರ್‌ಲ್ಯೂಕಿನ್ ಎಂಬ ಸಂದೇಶಗಳನ್ನು ರಕ್ತಕ್ಕೆ ಬಿಡುತ್ತವೆ. ಅವು ಮಿದುಳಿನ ಹೈಪೋಥಲಾಮಸ್ಸಿಗೆ ತಲುಪಿದಾಗ ಅದು ಮೈಯ ಉಷ್ಣತೆಯ ಗುರಿಯನ್ನೇ ಮೇಲಕ್ಕೆ ಒಯ್ಯುತ್ತದೆ. ಆಮೇಲೆ ಚರ್ಮದ ರಕ್ತನಾಳಗಳು ಬಿಗಿಯಾಗಬೇಕು, ಸ್ನಾಯು ನಡುಗಿ ಬಿಸಿ ಹುಟ್ಟಿಸಬೇಕು. ವಯಸ್ಸಾದಂತೆ ಈ ಸರಪಳಿಯ ಪ್ರತಿ ಕೊಂಡಿಯೂ ಸಡಿಲವಾಗುತ್ತದೆ. ಕಳಿಸುವ ಸಂದೇಶ ಕ್ಷೀಣ, ಕೇಳುವ ಕಿವಿ ಮಂದ, ನಡುಗಲು ಸ್ನಾಯುವೇ ಕಡಿಮೆ. ಗಂಭೀರ ಸೋಂಕು ತಗುಲಿದ ವೃದ್ಧರಲ್ಲಿ ಐದಕ್ಕೊಬ್ಬರಿಂದ ಮೂರಕ್ಕೊಬ್ಬರವರೆಗೆ ಜ್ವರವೇ ಬರುವುದಿಲ್ಲ, ಬಂದರೂ ಬಂದಂತೆ ಕಾಣುವುದಿಲ್ಲ. ಸಾಲದ್ದಕ್ಕೆ ಅಮ್ಮ ಮಂಡಿನೋವಿಗೆಂದು ದಿನಕ್ಕೆರಡು ಪ್ಯಾರಾಸಿಟಮಾಲ್ ನುಂಗುತ್ತಿದ್ದಳು. ಬರಬೇಕಿದ್ದ ಚೂರುಪಾರು ಬಿಸಿಯನ್ನೂ ಅದು ಒರೆಸಿ ಹಾಕಿರಬೇಕು.

ಇನ್ನೊಂದು ವಿಷಯ ಅವಳು ಮನೆಗೆ ಬಂದ ಮೇಲೆ ತಿಳಿಯಿತು. ಚೇತರಿಸಿಕೊಂಡ ನಂತರ ಮೂರು ವಾರ ದಿನಾ ಬೆಳಿಗ್ಗೆ ಅವಳ ಉಷ್ಣತೆ ಬರೆದಿಟ್ಟೆ. 96.7, 96.8, 96.8, 96.6. ಅವಳ ಮಾಮೂಲಿ ಮಟ್ಟವೇ ಅದು. ವೃದ್ಧಾಶ್ರಮಗಳಲ್ಲಿರುವವರ ಸೋಂಕು ಗುರುತಿಸಲು ವೈದ್ಯರಿಗೆ ಒಂದು ಮಾರ್ಗಸೂಚಿಯಿದೆ. ಬಾಯಲ್ಲಿ ಅಳೆದಾಗ ಒಂದೇ ಸಲ 100 ದಾಟಿದರೆ ಜ್ವರ, ಮತ್ತೆ ಮತ್ತೆ 99 ದಾಟುತ್ತಿದ್ದರೂ ಜ್ವರ, ಅವರವರ ಮಾಮೂಲಿಗಿಂತ ಎರಡು ಡಿಗ್ರಿ ಫ್ಯಾರನ್‌ಹೀಟ್‌ಗೂ ಹೆಚ್ಚು ಏರಿದ್ದರೂ ಜ್ವರವೇ. 96.8ರಿಂದ 98.9. ಕೂಡಿ ಕಳೆಯಲು ಬರುವ ಯಾರಿಗಾದರೂ ಗೊತ್ತಾಗುತ್ತದೆ. ಆ ಸಂಜೆ ಅಮ್ಮನಿಗೆ ಜ್ವರವಿತ್ತು. ಅವಳ ಲೆಕ್ಕದಲ್ಲಿ ಇತ್ತು, ನನ್ನ ಲೆಕ್ಕದಲ್ಲಿರಲಿಲ್ಲ.

ಇಷ್ಟೆಲ್ಲ ತಿಳಿದುಕೊಂಡು ಬುದ್ಧಿವಂತೆಯಾದೆ ಎಂದುಕೊಂಡಿದ್ದಾಗ ನನ್ನ ಸರದಿ ಬಂತು. ಎರಡು ವರ್ಷದ ನಂತರ, ನನ್ನ 61ನೇ ವಯಸ್ಸಿನಲ್ಲಿ. ಎಡಗಡೆ ಪಕ್ಕೆಲುಬಿನ ಕೆಳಗೆ ಏನೋ ಉರಿ. ಸೀರೆಯ ಸೆರಗು ತಾಗಿದರೂ ಕಾದ ತಂತಿ ಎಳೆದ ಹಾಗೆ. ಭಾರ ಎತ್ತಿ ಸ್ನಾಯು ಹಿಡಿದಿರಬೇಕೆಂದು ಮುಲಾಮು ಉಜ್ಜಿದೆ. ಮೂರನೇ ದಿನ ಕನ್ನಡಿಯಲ್ಲಿ ನೋಡಿದರೆ ಬೆನ್ನಿನಿಂದ ಹೊಟ್ಟೆಯ ಕಡೆಗೆ ಒಂದು ಪಟ್ಟಿ, ಕೆಂಪು ನೆಲದ ಮೇಲೆ ನೀರು ತುಂಬಿದ ಗುಳ್ಳೆಗಳ ಗೊಂಚಲು.

ಸರ್ಪಸುತ್ತು. ಹೆಸರಿಟ್ಟವರು ಸರಿಯಾಗಿಯೇ ಇಟ್ಟಿದ್ದಾರೆ, ಸುತ್ತುವುದಂತೂ ನಿಜ. ಆದರೆ ಹೆಡೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ಹೆದರಿಕೆಗೆ ಆಧಾರವಿಲ್ಲ. ಅದು ಸಾಮಾನ್ಯವಾಗಿ ಕೂಡುವುದೂ ಇಲ್ಲ. ಬೆನ್ನುಹುರಿಯ ಪಕ್ಕದ ಒಂದು ನರಗಂಟಿನಿಂದ ಹೊರಟ ನರ ಮೈಯ ಒಂದು ಮಗ್ಗುಲಿನ ಒಂದು ಪಟ್ಟಿಯನ್ನಷ್ಟೇ ನೋಡಿಕೊಳ್ಳುತ್ತದೆ, ನಟ್ಟನಡುವಿನ ಗೆರೆಗೆ ಬಂದು ನಿಂತುಬಿಡುತ್ತದೆ. ಗುಳ್ಳೆಗಳೂ ಅಲ್ಲೇ ನಿಲ್ಲುತ್ತವೆ. ನನ್ನದು ಹೊಕ್ಕುಳಿಗಿಂತ ನಾಲ್ಕು ಬೆರಳು ಮೇಲೆ, ಸ್ಕೇಲಿಟ್ಟು ಗೆರೆ ಎಳೆದಂತೆ ನಿಂತಿತ್ತು. ಪಾಠಪುಸ್ತಕದ ಚಿತ್ರವೇ ನನ್ನ ಹೊಟ್ಟೆಯ ಮೇಲಿದೆ ಎಂದು ಆ ನೋವಿನಲ್ಲೂ ಒಂದು ಕ್ಷಣ ಬೆರಗಾಯಿತು. ವೃತ್ತಿಯ ಚಟ, ಹೋಗುವುದಿಲ್ಲ.

ಇದು ಹೊರಗಿನಿಂದ ಬಂದ ರೋಗವಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಮೈತುಂಬ ಎದ್ದಿದ್ದ ಸೀತಾಳೆ ಸಿಡುಬಿನದೇ ವೈರಸ್. ಅಂದು ಗುಳ್ಳೆ ಒಣಗಿ ಉದುರಿತು, ಎಲ್ಲರೂ ಹೋಯಿತು ಎಂದುಕೊಂಡೆವು. ಅದು ನರಗಂಟಿಗೆ ಹೋಗಿ ಮಲಗಿತ್ತು. ಐವತ್ತಕ್ಕೂ ಹೆಚ್ಚು ವರ್ಷ! ಇದನ್ನು ಸ್ಪಷ್ಟವಾಗಿ ಊಹಿಸಿದ್ದು ದೊಡ್ಡ ಸಂಶೋಧನಾಲಯದ ವಿಜ್ಞಾನಿಯಲ್ಲ, ಇಂಗ್ಲೆಂಡಿನ ಸೈರನ್ಸೆಸ್ಟರ್ ಎಂಬ ಪಟ್ಟಣದ ಕುಟುಂಬವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ಹದಿನಾರು ವರ್ಷ ತನ್ನಲ್ಲಿಗೆ ಬಂದ ಸರ್ಪಸುತ್ತಿನ ಪ್ರತಿ ರೋಗಿಯನ್ನೂ ಬರೆದಿಟ್ಟು 1965ರಲ್ಲಿ ಪ್ರಕಟಿಸಿದರು. ಸೀತಾಳೆಯ ನಂತರ ವೈರಸ್ ಅಡಗಿ ಕೂರುತ್ತದೆ, ದೇಹದ ಪ್ರತಿರೋಧ ಒಂದು ಮಟ್ಟಕ್ಕಿಂತ ಇಳಿದಾಗ ಮತ್ತೆ ಏಳುತ್ತದೆ, ಅದಕ್ಕೇ ವಯಸ್ಸಿನ ಜೊತೆ ಇದು ಹೆಚ್ಚುತ್ತದೆ ಎಂದರು. ಅವರು ಹೇಳಿದ್ದು ನಿಜವಾಯಿತು. ಜೀವಮಾನದಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಇದು ಬರುತ್ತದೆ, 85 ದಾಟುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ.

ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ಮದ್ದು ಶುರುವಾಗಬೇಕು. ನನಗೆ ಎರಡನೇ ದಿನ ಶುರುವಾಯಿತು. ಅಸೈಕ್ಲೊವಿರ್, ದಿನಕ್ಕೆ ಐದು ಸಲ, ಏಳು ದಿನ. ಹುಣ್ಣು ಮೂರು ವಾರಕ್ಕೆ ಮಾಯಿತು, ನೋವು ಐದು ತಿಂಗಳು ಉಳಿಯಿತು. ಹುಣ್ಣು ವಾಸಿಯಾದ ಮೇಲೂ ನರ ಉರಿಯುತ್ತಲೇ ಇರುವ ಈ ಕಾಟವೂ ವಯಸ್ಸಾದಷ್ಟು ಜಾಸ್ತಿ. ರಾತ್ರಿ ಮಗ್ಗುಲು ಬದಲಿಸುವಾಗೆಲ್ಲ ಎಚ್ಚರ. ಅಮ್ಮ ಪಕ್ಕದ ಮಂಚದಿಂದ "ಇನ್ನೂ ಉರೀತಿದ್ಯೇನೇ?" ಅನ್ನುತ್ತಿದ್ದಳು.

ನಿದ್ದೆಯಿಲ್ಲದ ಆ ತಿಂಗಳುಗಳಲ್ಲಿ ನನಗೆ ಅರ್ಥವಾದದ್ದು, ಅವಳ ಬಾರದ ಜ್ವರ ಮತ್ತು ನನ್ನ ಎದ್ದ ವೈರಸ್ ಎರಡೂ ಒಂದೇ ಕಥೆ ಎಂಬುದು. "ವಯಸ್ಸಾದಂತೆ ಇಮ್ಯೂನಿಟಿ ಕಮ್ಮಿಯಾಗುತ್ತೆ" ಎಂದು ಎಲ್ಲರೂ ಹೇಳುತ್ತಾರೆ, ಬ್ಯಾಟರಿ ಇಳಿದಂತೆ. ಅದು ಅಷ್ಟು ಸರಳವಾಗಿಲ್ಲ. ನನಗೆ ಅದು ಬಹಳ ವರ್ಷದಿಂದ ಹೊಸ ನೇಮಕಾತಿಯೇ ಇಲ್ಲದ ಕಚೇರಿಯಂತೆ ಕಾಣುತ್ತದೆ. ಇರುವವರೆಲ್ಲ ಹಿರಿಯರು. ಹಳೆಯ ಕಡತಗಳು ಬಾಯಿಪಾಠ. ಹೊಸ ಅರ್ಜಿ ಬಂದರೆ ಯಾರ ಮೇಜಿಗೆ ಕಳಿಸಬೇಕೆಂದೇ ತಿಳಿಯದು.

ನೇಮಕಾತಿ ನಡೆಯುವ ಜಾಗ ಥೈಮಸ್, ಎದೆಮೂಳೆಯ ಹಿಂದಿರುವ ಒಂದು ಮೆತ್ತನೆಯ ಗ್ರಂಥಿ. ಟಿ ಕಣಗಳೆಂಬ ಬಿಳಿರಕ್ತಕಣಗಳು ಇಲ್ಲಿಯೇ ಪಳಗಿ, ಯಾರು ನಮ್ಮವರು, ಯಾರು ಪರಕೀಯರು ಎಂಬ ಪರೀಕ್ಷೆ ಪಾಸಾಗಿ ಹೊರಬೀಳುತ್ತವೆ. 1961ರವರೆಗೂ ಇದನ್ನು ಲಿಂಫೋಸೈಟ್ ಎಂಬ ಬಿಳಿರಕ್ತಕಣಗಳ ಸ್ಮಶಾನ ಎಂದೇ ಭಾವಿಸಿದ್ದರು. ಆ ವರ್ಷ ಜಾಕ್ ಮಿಲ್ಲರ್ ಎಂಬ ವಿಜ್ಞಾನಿ ಲಂಡನ್ನಿನಲ್ಲಿ ಆಗಷ್ಟೇ ಹುಟ್ಟಿದ ಇಲಿಮರಿಗಳ ಥೈಮಸ್ ತೆಗೆದು ನೋಡಿದರು. ಅವು ಸೋಂಕಿಗೆ ತುತ್ತಾದವು, ಬೇರೆ ಇಲಿಯ ಚರ್ಮ ಕಸಿ ಮಾಡಿದರೂ ತಿರಸ್ಕರಿಸಲಾರದೆ ಹೋದವು. ಆ ಗ್ರಂಥಿ ಹದಿಹರೆಯದ ತನಕ ಬೆಳೆದು, ಆಮೇಲೆ ವರ್ಷವರ್ಷವೂ ಕುಗ್ಗಿ ಕೊಬ್ಬಾಗುತ್ತ ಹೋಗುತ್ತದೆ. ಅಂದರೆ ನಾವು "ಈಗಿನ್ನೂ ಚಿಕ್ಕ ಪ್ರಾಯ" ಎಂದು ಬೀಗುತ್ತಿರುವಾಗಲೇ ಆ ಶಾಲೆ ತರಗತಿಗಳನ್ನು ಮುಚ್ಚುತ್ತಿರುತ್ತದೆ.

ವಯಸ್ಕರಿಗೆ ಥೈಮಸ್ಸಿನಿಂದ ಏನೂ ಆಗಬೇಕಿಲ್ಲ ಎಂದು ನಮಗೆ ಕಲಿಸಿದ್ದರು. ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ದಾರಿಗೆ ಅಡ್ಡ ಬಂದರೆ ತೆಗೆದು ಬಿಸಾಡುವುದೂ ಉಂಟು. 2023ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯವರು ಅಂಥವರ ದಾಖಲೆ ತೆಗೆದು ನೋಡಿದರು. ಥೈಮಸ್ ಕಳೆದುಕೊಂಡವರಲ್ಲಿ ಐದು ವರ್ಷದೊಳಗೆ ಶೇಕಡಾ 8.1 ಮಂದಿ ತೀರಿಕೊಂಡಿದ್ದರು. ಅದೇ ಬಗೆಯ ಶಸ್ತ್ರಚಿಕಿತ್ಸೆಯಾಗಿ ಥೈಮಸ್ ಉಳಿದವರಲ್ಲಿ 2.8. ಕ್ಯಾನ್ಸರ್ ಸುಮಾರು ಎರಡರಷ್ಟು. ಕುಗ್ಗಿ ಕೊಬ್ಬಾದ ಆ ಚೂರೂ ಏನೋ ಕೆಲಸ ಮಾಡುತ್ತಲೇ ಇತ್ತು ಎಂದಾಯಿತು.

ಕಚೇರಿಯ ಇನ್ನೊಂದು ರೋಗವೂ ಇದೆ: ಗದ್ದಲ. ಕೆಲಸಕ್ಕೆ ಬೇಕಾದಾಗ ದನಿಯೆತ್ತದವರು ಬೇಡದಾಗ ಇಡೀ ದಿನ ಗೊಣಗುತ್ತಾರೆ. ವಿಭಜನೆ ನಿಲ್ಲಿಸಿದರೂ ಸಾಯದೆ ಉಳಿದ ಮುದಿ ಜೀವಕೋಶಗಳು, ಹೆಚ್ಚಿದ ಕೊಬ್ಬು, ಒಳಗೆ ಅವಿತ ಹಳೆಯ ವೈರಸ್‌ಗಳು, ಇವೆಲ್ಲ ಸೇರಿ ಸಣ್ಣ ಉರಿಯೊಂದನ್ನು ಆರದಂತೆ ಇಟ್ಟಿರುತ್ತವೆ. 2000ದಲ್ಲಿ ಇಟಲಿಯ ಕ್ಲಾಡಿಯೊ ಫ್ರಾನ್ಸೆಸ್ಕಿ ಇದಕ್ಕೆ ಉರಿಯೂತ, ಮುಪ್ಪು ಎರಡೂ ಪದ ಬೆಸೆದು 'ಇನ್‌ಫ್ಲಮೇಜಿಂಗ್' ಎಂದು ಹೆಸರಿಟ್ಟರು. ನಾನು ಅದನ್ನು ಬೂದಿ ಮುಚ್ಚಿದ ಕೆಂಡ ಅನ್ನುತ್ತೇನೆ. ರಕ್ತನಾಳದ ಗೋಡೆಗೆ, ಕೀಲಿಗೆ, ಮಿದುಳಿಗೆ ಆ ಶಾಖ ತಾಗುತ್ತಲೇ ಇರುತ್ತದೆ. ಅದರ ಮೇಲೊಂದು ಸೋಂಕು ಬಿತ್ತೆಂದರೆ ಸೋಂಕಿನ ಜಾಗದಲ್ಲೇ ಪೆಟ್ಟು ಬೀಳಬೇಕೆಂದಿಲ್ಲ. ಕೆನಡಾದ 2018ರ ಒಂದು ಅಧ್ಯಯನದಲ್ಲಿ ಫ್ಲೂ ಖಚಿತವಾದ ಮೊದಲ ವಾರ ಹೃದಯಾಘಾತದ ಪ್ರಮಾಣ ಬೇರೆ ಸಮಯಕ್ಕಿಂತ ಆರು ಪಟ್ಟು ಇತ್ತು. ನೆಗಡಿ ಬಂದು ಹೃದಯ ನಿಂತಿತು ಎಂದು ಜನ ಹೇಳಿದರೆ ನಾವು ಲ್ಯಾಬಿನಲ್ಲಿ ನಗುತ್ತಿದ್ದೆವು. ಈಗ ನಗುವುದಿಲ್ಲ.

ಲಸಿಕೆಯ ಮಾತಿಗೂ ಇದೇ ಗಂಟು. ಲಸಿಕೆ ಪಾಠ ಹೇಳುತ್ತದೆ, ಕಲಿಯಬೇಕಾದದ್ದು ಇದೇ ಮುದಿ ಕಚೇರಿ. 2006ರಲ್ಲಿ ಬಂದ ಸರ್ಪಸುತ್ತಿನ ಮೊದಲ ಲಸಿಕೆ ಅರವತ್ತರ ಮೇಲಿನವರಲ್ಲಿ ಒಟ್ಟಾರೆ ಶೇಕಡಾ 51ರಷ್ಟು ಕೆಲಸ ಮಾಡಿತು, ಎಪ್ಪತ್ತು ದಾಟಿದವರಲ್ಲಿ 38. ಯಾರಿಗೆ ಹೆಚ್ಚು ಬೇಕೋ ಅವರಿಗೇ ಕಡಿಮೆ. 2017ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಹೊಸದರಲ್ಲಿ ವೈರಸ್ಸಿನ ಒಂದು ಪ್ರೋಟೀನ್ ಜೊತೆಗೆ ಮಲಗಿದವರನ್ನು ತಿವಿದು ಎಬ್ಬಿಸುವ ಮಿಶ್ರಣವೊಂದನ್ನು ಸೇರಿಸಿದ್ದಾರೆ, ಅದರಲ್ಲಿ ಒಂದು ಅಂಶ ಚಿಲಿ ದೇಶದ ಸಾಬೂನು ಮರದ ತೊಗಟೆಯದು. ಪ್ರಯೋಗಗಳಲ್ಲಿ ಎಪ್ಪತ್ತರ ಮೇಲಿನವರಲ್ಲೂ ಸುಮಾರು ಶೇಕಡಾ 90 ರಕ್ಷಣೆ. ಕಲಿಯುವವರು ಮುದುಕರೆಂದು ಕೈಬಿಡದೆ, ದನಿಯೆತ್ತಿ ಪಾಠ ಮಾಡಿದ್ದಾರೆ. 65 ದಾಟಿದವರಿಗೆಂದೇ ಮಾಡಿದ ಒಂದು ಫ್ಲೂ ಲಸಿಕೆಯಲ್ಲಿ ಮಾಮೂಲಿಗಿಂತ ನಾಲ್ಕು ಪಟ್ಟು ವೈರಸ್ ಅಂಶವಿರುವುದೂ ಇದೇ ಲೆಕ್ಕದಲ್ಲಿ.

ಸರ್ಪಸುತ್ತು ಬಂದು ಹೋದವರೂ ಹಾಕಿಸಿಕೊಳ್ಳಬಹುದು, ಮತ್ತೆ ಬರಬಹುದಾದ್ದರಿಂದ. ವೈದ್ಯರನ್ನು ಕೇಳಿ ಹಾಕಿಸಿಕೊಂಡೆ. ಎರಡನೇ ಚುಚ್ಚಿನ ರಾತ್ರಿ ತೋಳು ಊದಿ, ಮೈ ಕೈ ನೋವು, ಚಳಿ ನಡುಕ, ಬೆಳಗಿನ ಜಾವಕ್ಕೆ 101. ಜ್ವರ! ಹಲ್ಲು ಕಟಕಟಿಸುತ್ತ ಥರ್ಮಾಮೀಟರನ್ನು ಅಮ್ಮನಿಗೆ ತೋರಿಸಿ ನಕ್ಕೆ. ಇವಳಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದಳು.

ಇಮ್ಯೂನಿಟಿ ಬೂಸ್ಟರ್ ಎಂಬ ಹೆಸರಿನ ಪುಡಿ, ಕಷಾಯ, ಗುಳಿಗೆಗಳ ಸಂದೇಶ ನನ್ನ ಫೋನಿಗೆ ದಿನಕ್ಕೆ ನಾಲ್ಕಾದರೂ ಬರುತ್ತದೆ. ಏನನ್ನು ಬೂಸ್ಟ್ ಮಾಡುತ್ತೀರಿ ಎಂದು ಕೇಳಿದರೆ ಉತ್ತರವಿಲ್ಲ. ಗದ್ದಲವನ್ನೋ, ನೇಮಕಾತಿಯನ್ನೋ? ಆ ವಿಷಯ ಅಲ್ಲಿಗೆ ಸಾಕು. ಇದಕ್ಕಿಂತ ನನಗೆ ಹಿಡಿಸಿದ್ದು ಬ್ರಿಟನ್ನಿನ ಸೈಕಲ್ ಸವಾರರ ಸುದ್ದಿ. 55ರಿಂದ 79 ವಯಸ್ಸಿನ, ಜೀವನವಿಡೀ ದೂರ ದೂರ ಸೈಕಲ್ ತುಳಿದ 125 ಮಂದಿಯ ರಕ್ತ ಪರೀಕ್ಷಿಸಿ 2018ರಲ್ಲಿ ಬರೆದರು. ಥೈಮಸ್ಸಿನಿಂದ ಹೊಸದಾಗಿ ಹೊರಬಿದ್ದ ಟಿ ಕಣಗಳು ಅವರಲ್ಲಿ ಹರೆಯದವರಷ್ಟೇ ಇದ್ದವು. ಹಾಗೆಂದು ಎಲ್ಲವೂ ಎಳೆಯದಾಗಿರಲಿಲ್ಲ, ಮುಪ್ಪಿನ ಇತರ ಕೆಲವು ಗುರುತುಗಳು ಅವರಲ್ಲೂ ಇದ್ದವು. ನನಗೆ ಸೈಕಲ್ ಬರುವುದಿಲ್ಲ. ಬೆಳಿಗ್ಗೆ ನಡೆಯುತ್ತೇನೆ, ಮಳೆ ಬಂದರೆ ಮೆಟ್ಟಿಲು ಹತ್ತಿಳಿಯುತ್ತೇನೆ. ನನ್ನ ಥೈಮಸ್ ಅದನ್ನು ಲೆಕ್ಕಕ್ಕಿಟ್ಟುಕೊಂಡಿದೆಯೋ ಇಲ್ಲವೋ.

ಅಮ್ಮನ ತಲೆದಿಂಬಿನ ಪಕ್ಕ ಈಗ ಒಂದು ನೋಟ್‌ಬುಕ್ ಇದೆ. ಮೊದಲ ಪುಟದಲ್ಲಿ ಅವಳ ಮಾಮೂಲಿ: ಉಷ್ಣತೆ 96.8, ನಾಡಿ 72, ಮಲಗಿದಾಗ ಉಸಿರು 18, ಆಮ್ಲಜನಕ 95. ಯಾವ ಡಾಕ್ಟರ ಬಳಿ ಹೋದರೂ ಮೊದಲು ಆ ಪುಟ ತೋರಿಸುತ್ತೇನೆ. ಕೆಳಗೆ ಕೆಂಪು ಶಾಯಿಯಲ್ಲಿ ನಾನು ನೋಡಬೇಕಾದದ್ದು: ಇದ್ದಕ್ಕಿದ್ದಂತೆ ಹೆಸರು ತಪ್ಪುವುದು, ಊಟ ಬೇಡವೆನ್ನುವುದು, ಕಾರಣವಿಲ್ಲದೆ ಬೀಳುವುದು, ಹಗಲೆಲ್ಲ ತೂಕಡಿಸುವುದು. ಜ್ವರ ಎಂಬ ಪದವೂ ಇದೆ, ಕೊನೆಯಲ್ಲಿ.

ಮೊನ್ನೆ ರಾತ್ರಿ ಎಣಿಸುತ್ತ ಕೂತಿದ್ದೆ. ಹನ್ನೊಂದು, ಹನ್ನೆರಡು. ಕಣ್ಣು ತೆರೆಯದೆಯೇ ಅಮ್ಮ ಕೇಳಿದಳು, "ಎಷ್ಟಾಯ್ತೇ?"

"ಮಾತಾಡ್ಬೇಡ ಕಣಮ್ಮ, ಲೆಕ್ಕ ತಪ್ಪುತ್ತೆ."

ಬೇಕೆಂದೇ ಒಂದು ದೊಡ್ಡ ನಿಟ್ಟುಸಿರು ಬಿಟ್ಟಳು. ಮತ್ತೆ ಒಂದರಿಂದ ಶುರು ಮಾಡಿದೆ.